ಎಡಗೈಯವಳ ಕೋವಿ: ಹಣ ಹೆಸರಿಗೋ, ಅಳತೆಗೋ?

ಕೋವಿಗೆಂದು ಎತ್ತಿಟ್ಟ ಎರಡು ಲಕ್ಷ ರೂಪಾಯಿಯಲ್ಲಿ ಇಪ್ಪತ್ತು ಸಾವಿರವನ್ನು ಮೊದಲೇ ಬೇರೆ ಮಾಡಿಟ್ಟಿದ್ದೆ. ಅದು ಹಿಂಬದಿಯ ಮರದ ಕೆಲಸಕ್ಕೆ, ಅಂದರೆ ಬಟ್ ಅನ್ನು ನನ್ನ ಮೈಗೆ ಹೊಂದಿಸುವುದಕ್ಕೆ. ಅದನ್ನೂ ಸೇರಿಸಿ ಇನ್ನೂ ದೊಡ್ಡ ಹೆಸರಿನ ಕೋವಿಯನ್ನೇ ತೆಗೆದುಕೋ ಎಂದು ಮನೆಯಲ್ಲಿ ಹೇಳಿದರು. ನಾನು ಒಪ್ಪಲಿಲ್ಲ. ಕೆತ್ತನೆಗೆ, ಕಂಪನಿಯ ಹೆಸರಿಗೆ ಹಣ ಸುರಿದು, ಭುಜಕ್ಕೆ ಕೂರದ ಕೋವಿ ತಂದು ಕಪಾಟಿನಲ್ಲಿ ಇಟ್ಟವರನ್ನು ನಮ್ಮ ಕೊಡಗಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ನನ್ನ ಎತ್ತರ ಐದಡಿ ಒಂದಿಂಚು, ಹೊಡೆಯುವುದು ಎಡಗೈಯಲ್ಲಿ. ಮಾರುಕಟ್ಟೆಯ ಬಹುಪಾಲು ಕೋವಿಗಳು ಬಲಗೈಯ, ಎತ್ತರದ ಗಂಡಸರ ಅಳತೆಗೆ ಮಾಡಿದವು. ನನ್ನಂಥವಳು ಬರೀ ಹೆಸರು ನೋಡಿ ಕೊಂಡರೆ ಹಣ ಹೋದಂತೆಯೇ.

ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇರುವುದು ಓದುಗರಿಗೆ ಗೊತ್ತು. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಪೂಜೆಗಿಟ್ಟ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು ಮುಡಿಸುವುದು, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವುದು ನಮಗೆ ಹೊಸದಲ್ಲ. ಈಗ ಆ ಸ್ಪರ್ಧೆಗಳಲ್ಲಿ ಹೆಂಗಸರೂ ನಿಲ್ಲುತ್ತಾರೆ. ಆದರೆ ನಿಲ್ಲುವುದು ಗಂಡನದೋ ಅಣ್ಣನದೋ ಕೋವಿ ಹಿಡಿದು. ಕೈ ನಡುಗಿತು, ಭುಜ ಕಂದಿತು, ಗುರಿ ತಪ್ಪಿತು ಎಂದರೆ ಹೆಂಗಸರ ಕೈಯಲ್ಲಿ ಆಗುವುದಿಲ್ಲ ಎಂದುಬಿಡುತ್ತಾರೆ. ತಪ್ಪು ಅಳತೆಯದ್ದು.

ಕೊಳ್ಳುವ ಮುನ್ನ ಕಾಸಿಲ್ಲದೆ ಮಾಡಬೇಕಾದ ಕೆಲಸವೊಂದಿದೆ, ಕಣ್ಣಿನ ಪರೀಕ್ಷೆ. ಎರಡೂ ಅಂಗೈ ಮುಂದೆ ಚಾಚಿ, ಹೆಬ್ಬೆರಳ ನಡುವೆ ಸಣ್ಣ ಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು ದೂರದ ಒಂದು ಕಂಬವನ್ನು ಆ ಕಿಂಡಿಯಲ್ಲಿ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಕಂಬ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮುಖ್ಯ ಕಣ್ಣು. ಎಡಗೈಯವರಿಗೆಲ್ಲ ಎಡಗಣ್ಣೇ ಮುಖ್ಯವಾಗಿರಬೇಕೆಂದಿಲ್ಲ. ಬಲಗಣ್ಣು ಮುಖ್ಯವಾಗಿದ್ದು, ನೀವಿನ್ನೂ ಕಲಿಯುವ ಹಂತದಲ್ಲಿದ್ದರೆ, ಬಲ ಭುಜದಿಂದಲೇ ಕಲಿಯುವುದು ಜಾಣತನ. ಆಗ ಸಾಮಾನ್ಯ ಕೋವಿಯೇ ಸಾಕು, ಮರದ ಖರ್ಚು ಅರ್ಧಕ್ಕಿಳಿಯುತ್ತದೆ. ನನ್ನದು ಎಡಗಣ್ಣೇ ಆದ್ದರಿಂದ ಆ ದಾರಿ ಇರಲಿಲ್ಲ.

ಇನ್ನು ಅಳತೆ. ಟ್ರಿಗರ್‌ನಿಂದ ಬಟ್‌ನ ತುದಿಯವರೆಗಿನ ಉದ್ದ ಅಂಗಡಿಯ ಕೋವಿಗಳಲ್ಲಿ 14ರಿಂದ 14½ ಇಂಚು ಇರುತ್ತದೆ. ನನಗೆ ಬೇಕಾದದ್ದು 13¼. ಮೊಣಕೈ ಮಡಿಸಿ ಬಟ್ ಅನ್ನು ಆ ಸಂದಿಗೆ ಇಟ್ಟು ಬೆರಳು ಟ್ರಿಗರ್‌ಗೆ ಮುಟ್ಟಿದರೆ ಸರಿ ಎಂದು ಹೇಳುವವರಿದ್ದಾರೆ, ಅದನ್ನು ನಂಬಬೇಡಿ. ಕತ್ತಿನ ಉದ್ದ, ಭುಜದ ಅಗಲ, ಎದೆಯ ಮೈಕಟ್ಟು ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಖಾಲಿ ಎಂದು ತೆರೆದು ಖಾತ್ರಿ ಮಾಡಿಕೊಂಡ ಕೋವಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಮರಕ್ಕೆ ತಾಗಿಸಿ ಕಣ್ಣು ತೆರೆಯಿರಿ. ಹೆಬ್ಬೆರಳ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಮೂರು ಬೆರಳ ಜಾಗ ಇರಬೇಕು. ನಳಿಕೆಯ ತುದಿಯ ಮಣಿ ನೇರ ನಡುವೆ ಕಾಣಬೇಕು.

ಮಣಿ ನಡುವೆ ಕಾಣದಿರುವುದೇ ಎಡಗೈಯವರ ದೊಡ್ಡ ತೊಂದರೆ. ಬಲಗೈಯವರ ಮುಖಕ್ಕೆ ಅನುಕೂಲವಾಗಲೆಂದು ಬಟ್ ಅನ್ನು ಕೂದಲೆಳೆಯಷ್ಟು ಬಲಕ್ಕೆ ಬಾಗಿಸಿರುತ್ತಾರೆ. ಅದೇ ಕೋವಿಯನ್ನು ಎಡ ಭುಜಕ್ಕಿಟ್ಟರೆ ಕಣ್ಣು ನಳಿಕೆಯ ಬಲಕ್ಕೆ ಬೀಳುತ್ತದೆ, ಗುಂಡೂ ಬಲಕ್ಕೇ ಹೋಗುತ್ತದೆ. ಎಷ್ಟು ಅಭ್ಯಾಸ ಮಾಡಿದರೂ ಇದು ಸರಿಹೋಗದು, ಮರ ಎಡಕ್ಕೆ ಬಾಗಲೇಬೇಕು. ಹೆಂಗಸರಿಗೆ ಇನ್ನೊಂದು ಅಳತೆ ಮುಖ್ಯ: ಬಟ್‌ನ ಕೆಳತುದಿ. ಗಂಡಸರ ಕೋವಿಯಲ್ಲಿ ಅದು ಎದೆಗೆ ಚುಚ್ಚುತ್ತದೆ. ಆ ತುದಿಯನ್ನು ಸ್ವಲ್ಪ ಓರೆಯಾಗಿ ಕೊಯ್ದು, ಹೊರಕ್ಕೆ ವಾಲಿಸಿ, ಅಂಚು ದುಂಡಗೆ ಮಾಡಬೇಕು. ಭುಜ ಕಂದುವುದರಲ್ಲಿ ಮುಕ್ಕಾಲು ಪಾಲು ಇದರಿಂದಲೇ ಎಂಬುದು ನನ್ನ ಅನುಭವ.

ಹೊಡೆಯುವಾಗ ಉಡುವ ಬಟ್ಟೆಯಲ್ಲೇ ಅಳತೆ ಕೊಡಿ. ದಪ್ಪ ಜಾಕೆಟ್ ಅರ್ಧ ಇಂಚು ನುಂಗುತ್ತದೆ. ನಮ್ಮ ಕೊಡವ ಸೀರೆಯಲ್ಲಿ ಸೆರಗು ಎಡಕಂಕುಳ ಕೆಳಗಿನಿಂದ ಬಂದು ಬಲ ಭುಜದ ಮೇಲೆ ಕೂರುತ್ತದೆ. ಬಲಗೈಯವರಿಗೆ ಬಟ್ ಇಡುವ ಜಾಗದಲ್ಲೇ ಆ ಪಿನ್ನು. ಎಡಗೈಯವರಿಗೆ ಎಡ ಭುಜ ಬಿಡುವಾಗಿ ಸಿಗುತ್ತದೆ. ಎಡಗೈಯಾಗಿದ್ದಕ್ಕೆ ನನಗೆ ದಕ್ಕಿದ ಒಂದು ಅನುಕೂಲ ಇದು, ಸಂತೋಷದಿಂದಲೇ ಹೇಳುತ್ತೇನೆ.

ಯಾವ ಬಗೆಯ ಕೋವಿ? ಆಟೊಮ್ಯಾಟಿಕ್ ಮತ್ತು ಪಂಪ್ ಕೋವಿಗಳಲ್ಲಿ ಹೆಚ್ಚಿನವು ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತವೆ. ಎಡ ಭುಜದವಳ ಮುಖದ ಮುಂದೆಯೇ ಅದು ಹಾರಿ ಹೋಗುತ್ತದೆ. ನಡುವೆ ಮಡಚುವ ಜೋಡಿ ನಳಿಕೆ ಕೋವಿಯಲ್ಲಿ ಆ ರಗಳೆಯಿಲ್ಲ. ಸೇಫ್ಟಿ ಗುಂಡಿ ಹೆಬ್ಬೆರಳಿನಡಿ ನಡುವೆಯೇ ಇರುತ್ತದೆ. ಕೋವಿ ತೆರೆಯುವ ಮೇಲಿನ ಸನ್ನೆ ಬಲಗೈ ಹೆಬ್ಬೆರಳಿಗೆಂದು ಮಾಡಿದ್ದಾದರೂ ಕೈಗೆ ಬೇಗ ರೂಢಿಯಾಗುತ್ತದೆ.

ವಿದೇಶದಲ್ಲಿ ಈಗ ಹೆಂಗಸರ ಅಳತೆಗೇ ಮಾಡಿದ ಕೋವಿಗಳಿವೆ. ಇಟಲಿಯ ಸೀಸರ್ ಗೆರಿನಿ ಕಂಪನಿ ‘ಸೈರನ್’ ಹೆಸರಿನಲ್ಲಿ, ಬೆರೆಟ್ಟಾ ‘ವಿಟ್ಟೋರಿಯಾ’ ಹೆಸರಿನಲ್ಲಿ ಮಾಡುತ್ತವೆ. ನಮಗೆ ಅವು ಎಟುಕುವುದು ಕಷ್ಟ. ಕ್ರೀಡಾಪಟುಗಳನ್ನು ಬಿಟ್ಟರೆ ಉಳಿದವರಿಗೆ ಕೋವಿಯ ಆಮದು 1980ರ ದಶಕದಿಂದಲೇ ಮುಚ್ಚಿಹೋಗಿದೆ. ಹಾಗಾಗಿ ಇಲ್ಲಿ ಸಿಗುವುದು ಇಶಾಪುರದ ಕಾರ್ಖಾನೆಯಂಥ ದೇಶಿ ಕೋವಿ, ಇಲ್ಲವೇ ಕೈಬದಲಾದ ಹಳೆಯ ಇಂಗ್ಲಿಷ್ ಕೋವಿ. ಚಿಕ್ಕ ಮೈಯವರಿಗೆ ಹಗುರವಾದ 20 ಬೋರ್ ಒಳ್ಳೆಯದೆಂದು ಪುಸ್ತಕಗಳು ಹೇಳುತ್ತವೆ, ನಿಜವೂ ಹೌದು. ಆದರೆ ನಮ್ಮ ಅಂಗಡಿಗಳಲ್ಲಿ 12 ಬೋರಿನ ತೋಟಾ ಸಿಗುವಷ್ಟು ಸುಲಭವಾಗಿ 20ರದ್ದು ಸಿಗುವುದಿಲ್ಲ. ತೋಟಾ ಇಲ್ಲದ ಕೋವಿಗೆ ಹಾಕಿದ ಹಣ ಸತ್ತ ಹಣ. ಅದಕ್ಕೇ ನಾನು ಮೂರು ಕಿಲೋ ಆಸುಪಾಸಿನ 12 ಬೋರ್ ಹುಡುಕಿದೆ. ಅದಕ್ಕಿಂತ ಹಗುರವಾದರೆ ಒದೆತ ಜಾಸ್ತಿ, ಭಾರವಾದರೆ ತೋಳು ಸೋಲುತ್ತದೆ.

ಒಬ್ಬ ವ್ಯಾಪಾರಿ ನನಗೆ ಗಿಡ್ಡ ಕೋವಿಯೊಂದನ್ನು ತೋರಿಸಿ, “ಮೇಡಂ, ಇದು ಲೇಡೀಸ್ ಗನ್, ನಿಮಗೆಂದೇ ಇಟ್ಟಿದ್ದು” ಎಂದ. ಬಟ್ ಅನ್ನು ಎರಡು ಇಂಚು ಕೊಯ್ದಿದ್ದರು, ಅಷ್ಟೇ. ಬಾಗು ಬಲಕ್ಕೇ ಇತ್ತು, ತೂಕವೆಲ್ಲ ನಳಿಕೆಯ ತುದಿಗೆ ಹೋಗಿತ್ತು. ಹಿಂದಿನ ಮರ ಕಡಿಮೆಯಾದಾಗ ಹೀಗಾಗುವುದು ಸಹಜ. ಬಟ್‌ನೊಳಗೆ ಸ್ವಲ್ಪ ಸೀಸ ತುಂಬಿ ಸಮ ಮಾಡಬೇಕು, ಅದನ್ನು ಮಾಡಿರಲಿಲ್ಲ. ಬೆಲೆ ಮಾತ್ರ ಹೆಚ್ಚು ಹೇಳಿದ. ಎದ್ದು ಬಂದೆ.

ಕೊನೆಗೆ ಕೊಂಡದ್ದು ಬರ್ಮಿಂಗ್‌ಹ್ಯಾಂನಲ್ಲಿ ಮಾಡಿದ ಹಳೆಯ ಜೋಡಿ ನಳಿಕೆ, ಒಂದೂವರೆ ಲಕ್ಷಕ್ಕೆ. ಹಳೆಯ ಇಂಗ್ಲಿಷ್ ಕೋವಿ ಕೊಳ್ಳುವವರು ತೋಟಾ ಕೂರುವ ಕೋಣೆಯ ಉದ್ದ ಕೇಳಲೇಬೇಕು. ಎಷ್ಟೋ ಕೋವಿಗಳಲ್ಲಿ ಅದು 65 ಮಿಲಿಮೀಟರ್. ಅದರಲ್ಲಿ 70 ಮಿಲಿಮೀಟರಿನ ತೋಟಾ ಹಾಕುವುದು ಅಪಾಯ. ತೋಟಾ ಪೆಟ್ಟಿಗೆಯ ಮೇಲೆ ಉದ್ದ ಬರೆದಿರುತ್ತದೆ, ಓದಿ. ಮರದ ಕುತ್ತಿಗೆಯಲ್ಲಿ ಸೀಳು ಇದೆಯೇ ಎಂದೂ ನೋಡಿ. ಸೀಳಿದ್ದರೆ ಬಾಗಿಸುವಾಗ ಮುರಿಯುತ್ತದೆ.

ಮರದ ಕೆಲಸಕ್ಕೆ ಹದಿನಾಲ್ಕು ಸಾವಿರ ಆಯಿತು. ಪರವಾನಗಿ ಇರುವ ಹಿರಿಯ ಕೆಲಸಗಾರರೊಬ್ಬರು ಬಿಸಿ ಎಣ್ಣೆಯಿಂದ ಮರದ ಕುತ್ತಿಗೆಯನ್ನು ಹದ ಮಾಡಿ ಎಡಕ್ಕೆ ಬಾಗಿಸಿದರು, ಉದ್ದ ಇಳಿಸಿ ರಬ್ಬರ್ ಪ್ಯಾಡ್ ಕೂರಿಸಿದರು. “ಕೊಯ್ದ ತುಂಡು ಇಟ್ಟುಕೊಳ್ಳಿ ಅಮ್ಮ, ಮುಂದೆ ಮಾರಿದರೆ ಅಂಟಿಸಿ ಉದ್ದ ಮಾಡಬಹುದು” ಎಂದು ಕೈಗಿತ್ತರು. ಆ ಮಾತಿಗೆ ಬೆಲೆಯಿದೆ. ಬಾಗಿಸಿದ ಮರವನ್ನು ಮತ್ತೆ ನೇರ ಮಾಡಬಹುದು, ತುಂಡು ಕೈಯಲ್ಲಿದ್ದರೆ ಉದ್ದವನ್ನೂ ಮರಳಿಸಬಹುದು. ಮಾರುವಾಗ ಕೋವಿಯ ಬೆಲೆ ಬೀಳದು. ನಳಿಕೆಯನ್ನು ಮಾತ್ರ ಯಾರೂ ಮುಟ್ಟಬಾರದು. ಅದನ್ನು ಗಿಡ್ಡ ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಅಜ್ಜನ ಕೋವಿಗೂ ಗರಗಸ ಹಾಕಬೇಡಿ. ಒಕ್ಕದವರಿಗೆಲ್ಲ, ಇಡೀ ಮನೆತನಕ್ಕೆ, ಸೇರಿದ ವಸ್ತು ಅದು, ಬೇಕಾದರೆ ಬೇರೆ ಬಟ್ ಮಾಡಿಸಿ.

ಕೆಲಸ ಮುಗಿದ ಮೇಲೆ ಗುರಿ ಹೊಡೆಯಲು ಅನುಮತಿಯಿರುವ ಜಾಗದಲ್ಲಿ 16 ಗಜ ದೂರಕ್ಕೆ ದೊಡ್ಡ ಕಾಗದ ಕಟ್ಟಿ, ನಡುವೆ ಒಂದು ಚುಕ್ಕೆ ಇಟ್ಟು ಹೊಡೆದು ನೋಡಿದೆ. ಅಷ್ಟು ದೂರದಲ್ಲಿ ಚರೆಯ ನಡು ಒಂದಿಂಚು ಸರಿದರೆ ಮರದಲ್ಲಿ ಒಂದಿಂಚಿನ ಹದಿನಾರನೆಯ ಒಂದು ಭಾಗ ತಿದ್ದಬೇಕೆಂಬುದು ಹಳೆಯ ಲೆಕ್ಕ. ನನ್ನ ಕೋವಿಗೆ ಒಮ್ಮೆ ತಿದ್ದಿದ ಮೇಲೆ ಸಾಕಾಯಿತು. ಉಳಿದ ಮೂವತ್ತಾರು ಸಾವಿರ ತೋಟಾಗಳಿಗೆ ಮತ್ತು ಕಿವಿ ಮುಚ್ಚುವ ಸಾಧನಕ್ಕೆ ಹೋಯಿತು.

ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕಿಳಿಸಿದೆ. ಒಂದಾದ ಮೇಲೊಂದು ಕೊಂಡು ನೋಡುವ ಕಾಲ ಇದಲ್ಲ. ಮಗಳಿಗೋ ಸೊಸೆಗೋ ಕೋವಿ ಕೊಡಿಸುವವರು ಅವಳನ್ನು ಕರೆದುಕೊಂಡೇ ಅಂಗಡಿಗೆ ಹೋಗಿ. ಅವಳು ತನ್ನ ಭುಜಕ್ಕಿಟ್ಟು ನೋಡುವ ತನಕ ಮುಂಗಡ ಕೊಡಬೇಡಿ.