ರೋಮನರ ಕಾಲದ ಖೋಟಾ ನಾಣ್ಯಗಳು

ರೋಮನರ ಬೆಳ್ಳಿಯ ನಾಣ್ಯಕ್ಕೆ ದಿನಾರಿಯಸ್ ಎಂದು ಹೆಸರು. ಕ್ರಿ.ಪೂ. 211ರ ಸುಮಾರಿಗೆ ಚಲಾವಣೆಗೆ ಬಂದ ಈ ನಾಣ್ಯವು ನಾಲ್ಕು ಶತಮಾನಗಳಿಗೂ ಮಿಕ್ಕಿ ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿ ನಡೆಯುತ್ತಿದ್ದಿತು. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಕಾಲಾಳೊಬ್ಬನ ವರ್ಷದ ಸಂಬಳವೇ 225 ದಿನಾರಿಯಸ್. ಒಂದು ದಿನಾರಿಯಸ್ಸಿಗೆ 16 ತಾಮ್ರದ ಕಾಸುಗಳು ಸಮನಾಗಿದ್ದುವು. ತಾಮ್ರಕ್ಕೂ ಬೆಳ್ಳಿಗೂ ಇದ್ದ ಈ ಅಂತರವೇ ಕಳ್ಳನಾಣ್ಯ ಮಾಡುವವನ ಬಂಡವಾಳ.

ಅವನ ಕೈಚಳಕವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ತಾಮ್ರದ ಬಿಲ್ಲೆಗೆ ತೆಳುವಾದ ಬೆಳ್ಳಿಯ ತಗಡನ್ನು ಸುತ್ತಿ ಕೆಂಡದಲ್ಲಿ ಕಾಯಿಸುತ್ತಿದ್ದರು. ಬೆಳ್ಳಿ ಕರಗುವುದು 962 ಡಿಗ್ರಿ ಶಾಖದಲ್ಲಿ, ತಾಮ್ರ 1085 ಡಿಗ್ರಿಯಲ್ಲಿ. ಆದರೆ ಇವೆರಡೂ ಒಂದನ್ನೊಂದು ಮುಟ್ಟಿದೆಡೆಯಲ್ಲಿ ಉಂಟಾಗುವ ಮಿಶ್ರಣವು 780 ಡಿಗ್ರಿಯ ಸುಮಾರಿಗೇ ಕರಗಿ, ಬೆಸುಗೆಯಂತೆ ಎರಡನ್ನೂ ಕಚ್ಚಿಸಿಬಿಡುತ್ತದೆ. ಬಳಿಕ ಅಚ್ಚಿನಲ್ಲಿಟ್ಟು ಸುತ್ತಿಗೆಯಿಂದ ಹೊಡೆದರೆ ಚಕ್ರವರ್ತಿಯ ಮುಖ ಮೂಡುತ್ತಿದ್ದಿತು! ತಾಮ್ರವು ಬೆಳ್ಳಿಗಿಂತ ಹಗುರವಾದುದರಿಂದ ತಕ್ಕಡಿ ಮಾತ್ರ ಗುಟ್ಟನ್ನು ಹೊರಗೆಡಹುತ್ತಿದ್ದಿತು. ಸಂತೆಯಲ್ಲಿ ಮೀನು ಕೊಳ್ಳುವವನು ತಕ್ಕಡಿಯನ್ನು ಹೊತ್ತು ತಿರುಗುವನೇ?

ಆದುದರಿಂದ ನಾಣ್ಯಪರೀಕ್ಷೆಯೇ ಒಂದು ವೃತ್ತಿಯಾಯಿತು. ನಮ್ಮ ಚಿನಿವಾರರಂತೆ ಅಲ್ಲಿಯ ಪರೀಕ್ಷಕರು ನಾಣ್ಯವನ್ನು ನೋಡಿ, ಮುಟ್ಟಿ, ಮೂಸಿ, ಅದರ ದನಿಯನ್ನು ಕೇಳಿ ನಿರ್ಣಯಿಸುತ್ತಿದ್ದರೆಂದು ತತ್ತ್ವಜ್ಞಾನಿ ಎಪಿಕ್ಟೀಟಸನ ಉಪದೇಶಗಳಿಂದ ತಿಳಿದುಬರುತ್ತದೆ. ಪರೀಕ್ಷಿಸಿದ ಹಣದ ಚೀಲಕ್ಕೆ ಎಲುಬಿನ ಇಲ್ಲವೆ ದಂತದ ಪುಟ್ಟ ಬಿಲ್ಲೆಯನ್ನು ಕಟ್ಟುತ್ತಿದ್ದರು. ‘ಇವನು ನೋಡಿದ್ದಾನೆ’ ಎಂಬರ್ಥದ ಶಬ್ದವೂ ಪರೀಕ್ಷಿಸಿದವನ ಹೆಸರೂ ಅದರ ಮೇಲಿರುತ್ತಿದ್ದುವು. ಆ ಹೆಸರು ಬಹುಮಟ್ಟಿಗೆ ಗುಲಾಮನದು. ಕಣ್ಣು ಅವನದು, ಹಣ ಒಡೆಯನದು.

ಕ್ರಿ.ಪೂ. 85ರ ಸುಮಾರಿಗೆ ರೋಮಿನಲ್ಲಿ ಹಣದ ಗೊಂದಲವು ವಿಪರೀತವಾಗಿ, ತನ್ನಲ್ಲಿರುವುದೆಷ್ಟೆಂದು ಯಾರಿಗೂ ತಿಳಿಯದಾಯಿತು. ಪ್ರೀಟರರೆಂಬ ಅಧಿಕಾರಿಗಳು ಒಟ್ಟಾಗಿ ಕಟ್ಟಳೆಯೊಂದನ್ನು ರಚಿಸಿ, ಎಲ್ಲರೂ ಕೂಡಿ ಸಾರುವುದೆಂದು ಗೊತ್ತುಮಾಡಿಕೊಂಡರು. ಆದರೆ ಅವರಲ್ಲೊಬ್ಬನಾದ ಮಾರಿಯಸ್ ಗ್ರಾಟಿಡಿಯಾನಸನು ಉಳಿದವರಿಗೆ ಕಾಯದೆ ನೇರವಾಗಿ ವೇದಿಕೆಯನ್ನೇರಿ ತಾನೊಬ್ಬನೇ ಸಾರಿಬಿಟ್ಟನು. ಜನರು ಬೀದಿಬೀದಿಗಳಲ್ಲಿ ಅವನ ವಿಗ್ರಹಗಳನ್ನಿಟ್ಟು ಧೂಪದೀಪಗಳನ್ನು ಬೆಳಗಿದರೆಂದು ಸಿಸೆರೋ ಬರೆದಿದ್ದಾನೆ. ಅದು ಮೆಚ್ಚಿ ಬರೆದುದಲ್ಲ. ಕ್ರಿ.ಪೂ. 82ರಲ್ಲಿ ಸುಲ್ಲನ ಪಕ್ಷದವರು ಗ್ರಾಟಿಡಿಯಾನಸನನ್ನು ಕ್ರೂರವಾಗಿ ಕೊಂದರು. ಆ ಸುಲ್ಲನೇ ಮರುವರ್ಷ ಖೋಟಾ ಬೆಳ್ಳಿನಾಣ್ಯ ಮಾಡುವವರನ್ನು ದಂಡಿಸುವ ಕಾನೂನನ್ನು ತಂದನೆಂಬುದು ವಿಚಿತ್ರ.

ಎಲ್ಲ ನಕಲುಗಳೂ ದುರಾಶೆಯಿಂದಲೇ ಹುಟ್ಟಿದುವೆಂದು ನಾವು ತಿಳಿಯಬಾರದು. ಕ್ರಿ.ಶ. 43ರಲ್ಲಿ ರೋಮನ್ ಸೇನೆಯು ಬ್ರಿಟನ್ನಿಗೆ ಇಳಿದ ಬಳಿಕ ಅಲ್ಲಿ ಚಿಲ್ಲರೆಯ ಬರ ಒದಗಿತು. ಕ್ಲಾಡಿಯಸ್ ಚಕ್ರವರ್ತಿಯ ಕಂಚು-ತಾಮ್ರದ ನಾಣ್ಯಗಳನ್ನು ಅಲ್ಲಿಯೇ ಒರಟೊರಟಾಗಿ ಅನುಕರಿಸಿ ಹೊಡೆದರು. ಸೈನಿಕರ ಶಿಬಿರಗಳಲ್ಲಿಯೂ ಅವು ದೊರೆತಿರುವುದನ್ನು ನೋಡಿದರೆ, ಅಧಿಕಾರಿಗಳು ಕಂಡೂ ಕಾಣದಂತೆ ಇದ್ದರೆಂದೇ ತೋರುತ್ತದೆ. ಚಿಲ್ಲರೆಯಿಲ್ಲದೆ ರೊಟ್ಟಿಯ ಅಂಗಡಿ ನಡೆಯುವುದೆಂತು?

ಇನ್ನು ಸರಕಾರದ ಮಾತು. ಒಂದು ರೋಮನ್ ಪೌಂಡು ತೂಕದಲ್ಲಿ 84 ದಿನಾರಿಯಸ್ ಮಾಡುತ್ತಿದ್ದುದನ್ನು ಕ್ರಿ.ಶ. 64ರಲ್ಲಿ ನೀರೋ 96ಕ್ಕೆ ಏರಿಸಿ, ಬೆಳ್ಳಿಗೆ ತಾಮ್ರವನ್ನೂ ಬೆರೆಸಿದನು. ದಂಡಿನ ವೆಚ್ಚ ಏರಿದಂತೆ ಮುಂದಿನವರೂ ಅದೇ ದಾರಿ ಹಿಡಿದರು. 270ರ ಹೊತ್ತಿಗೆ ‘ಬೆಳ್ಳಿ’ಯ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಇರಲಿಲ್ಲ. ಇದನ್ನು ಖೋಟಾ ಎನ್ನುವ ಧೈರ್ಯ ಯಾರಿಗಿದ್ದಿತು!

ಹಳೆಯ, ಒಳ್ಳೆಯ ದಿನಾರಿಯಸ್ಸುಗಳು ವ್ಯಾಪಾರದ ಹಡಗುಗಳಲ್ಲಿ ನಮ್ಮ ನಾಡಿಗೂ ಬಂದುವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಅವುಗಳ ನಿಧಿಯೊಂದು ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಸಿಕ್ಕಿವೆ. ಭಾರತದಲ್ಲಿ ದೊರೆತ ರೋಮನ್ ನಾಣ್ಯಗಳಲ್ಲಿ ಕೆಲವುಗಳ ಮೇಲೆ, ಅರಸನ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಹೊಡೆದ ಗೀರುಂಟು. ಒಳಗೆ ತಾಮ್ರವಿದೆಯೋ ಎಂದು ನೋಡಲೆಂದೇ ಹೀಗೆ ಮಾಡಿದರೆಂದು ಕೆಲವು ವಿದ್ವಾಂಸರು, ಪರದೇಶದ ಅರಸನ ಮುದ್ರೆಯನ್ನು ಅಳಿಸಲೆಂದು ಇನ್ನು ಕೆಲವರು ಹೇಳುತ್ತಾರೆ. ನಮಗೆ ಮೊದಲನೆಯದೇ ಹೆಚ್ಚು ಸಹಜವಾಗಿ ಕಾಣುತ್ತದೆ.