ಮೈ ಮರೆಯದ ಸ್ಪರ್ಶ

"ಕ್ಷಮಿಸಿದ್ದೇನೆ ಫಾದರ್. ಆದರೆ ಅವರು ಕೈ ಎತ್ತಿದರೆ ಸಾಕು, ಇಂದಿಗೂ ನನ್ನ ಮೈ ಸೆಟೆದುಕೊಳ್ಳುತ್ತದೆ. ಹಾಗಾದರೆ ನಾನು ನಿಜವಾಗಿ ಕ್ಷಮಿಸಿಲ್ಲವೇ?" ಕುಟುಂಬಗಳ ನಡುವೆ ಸೇವೆ ಮಾಡುವ ಧರ್ಮಗುರುಗಳಿಗೆ ಇಂಥ ಪ್ರಶ್ನೆ ಹೊಸದಲ್ಲ. ಕೇಳುವವರು ಹೆಚ್ಚಾಗಿ ಭಕ್ತಿವಂತರೇ. ತಮ್ಮ ಮೈಯ ಅಂಜಿಕೆಯನ್ನು ಪಾಪವೆಂದು ತಿಳಿದು ವರ್ಷಗಟ್ಟಲೆ ಕೊರಗುತ್ತಾರೆ. ಇದಕ್ಕೆ ಉತ್ತರ ಹೇಳುವ ಮೊದಲು, ಸೃಷ್ಟಿಕರ್ತರು ನಮ್ಮ ಮೈಯನ್ನು ಹೇಗೆ ರೂಪಿಸಿದ್ದಾರೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ಚರ್ಮದಿಂದ ಮಿದುಳಿಗೆ

ನಮ್ಮ ಚರ್ಮದ ಒಳಗೆ ಒತ್ತಡ, ಕಂಪನ, ಬಿಸಿ, ನೋವುಗಳನ್ನು ಗ್ರಹಿಸುವ ಬೇರೆ ಬೇರೆ ನರತುದಿಗಳಿವೆ. ಅವು ಕಳುಹಿಸುವ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳನ್ನು ಸೇರುತ್ತದೆ. ಬಲಗೈಯ ಸುದ್ದಿ ಎಡ ಮಿದುಳಿಗೆ, ಎಡಗೈಯದು ಬಲ ಮಿದುಳಿಗೆ. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಮಿದುಳಿನ ಮೇಲೆ ದೇಹದ ಒಂದು ನಕ್ಷೆಯೇ ಇರುವುದನ್ನು ತೋರಿಸಿದರು. ಆ ನಕ್ಷೆಯಲ್ಲಿ ವಿಶಾಲವಾದ ಬೆನ್ನಿಗೆ ಸ್ವಲ್ಪವೇ ಜಾಗ. ಬೆರಳುಗಳಿಗೂ ತುಟಿಗಳಿಗೂ ಬಹಳ ಜಾಗ.

ಇದಲ್ಲದೆ, ಮೆಲ್ಲನೆ ಸವರುವ ಸ್ಪರ್ಶಕ್ಕೆಂದೇ ಪ್ರತಿಸ್ಪಂದಿಸುವ ತೆಳ್ಳಗಿನ ನರಗಳೂ ಇವೆ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗದ ಸವರುವಿಕೆಗೆ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ತಾಯಿ ಮಗುವಿನ ಬೆನ್ನು ಸವರುವ ವೇಗವೂ ಸುಮಾರಾಗಿ ಅದೇ. ಈ ನರಗಳ ಸುದ್ದಿ ಮಿದುಳಿನಲ್ಲಿ ಭಾವನೆಗೆ ಸಂಬಂಧಪಟ್ಟ ಭಾಗಗಳನ್ನು ತಲುಪುತ್ತದೆ. ಮುಟ್ಟಿದ್ದು ಏನು ಎಂಬುದರ ಜೊತೆಗೆ, ಪ್ರೀತಿಯಿಂದ ಮುಟ್ಟಿದ್ದೇ ಎಂಬುದನ್ನೂ ಮೈ ತಿಳಿಯುತ್ತದೆ.

ಎರಡು ಬಗೆಯ ನೆನಪು

ಜಿನೀವಾದ ವೈದ್ಯ ಎದುವಾರ್ ಕ್ಲಪರೇದ್ 1911ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಹೊಸದೇನನ್ನೂ ನೆನಪಿಟ್ಟುಕೊಳ್ಳಲಾರದ ಒಬ್ಬ ಮಹಿಳೆ ಅವರ ಆರೈಕೆಯಲ್ಲಿದ್ದರು. ದಿನವೂ ನೋಡುವ ವೈದ್ಯರೂ ಆಕೆಗೆ ಅಪರಿಚಿತರೇ. ಒಮ್ಮೆ ಕ್ಲಪರೇದ್ ತಮ್ಮ ಬೆರಳುಗಳ ನಡುವೆ ಗುಂಡುಸೂಜಿಯನ್ನು ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. ಸೂಜಿ ಚುಚ್ಚಿತು. ಸ್ವಲ್ಪ ಹೊತ್ತಿನಲ್ಲೇ ಆಕೆ ಅದನ್ನು ಮರೆತರು. ಆದರೆ ಮುಂದೆ ವೈದ್ಯರು ಕೈ ಚಾಚಿದಾಗ ಆಕೆ ತಟ್ಟನೆ ತನ್ನ ಕೈಯನ್ನು ಹಿಂದೆಗೆದುಕೊಂಡರು. ಯಾಕೆಂದು ಆಕೆಗೇ ತಿಳಿಯದು!

ಘಟನೆಗಳನ್ನು ನೆನಪಿಡುವ ಮಿದುಳಿನ ಭಾಗ ಬೇರೆ, ಭಯವನ್ನು ಕಲಿಯುವ ಭಾಗ ಬೇರೆ, ಕೈಯ ಕಸುಬನ್ನು ಉಳಿಸಿಕೊಳ್ಳುವ ಭಾಗಗಳು ಬೇರೆ ಎಂದು ಇಂದು ವಿಜ್ಞಾನಿಗಳು ತಿಳಿದಿದ್ದಾರೆ. ನಮ್ಮ ಹಂಗಾರಕಟ್ಟೆಯಲ್ಲಿ ಇದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಈ ಊರಿನಲ್ಲಿ ಬಲೆ ಕಟ್ಟುವವರ ಬೆರಳುಗಳು ಕಣ್ಣಿನ ಸಹಾಯವಿಲ್ಲದೆ ಗಂಟು ಹಾಕುತ್ತವೆ. ದೋಣಿಯ ಹಲಗೆಯ ಮೇಲೆ ಅಂಗೈ ಆಡಿಸಿದರೆ ಬಡಗಿಗೆ ಉಬ್ಬುತಗ್ಗು ಗೊತ್ತಾಗುತ್ತದೆ. ಜಪಸರದ ಮಣಿಗಳನ್ನು ಎಣಿಸುವ ಅಜ್ಜಿಯ ಬೆರಳುಗಳೂ ಹಾಗೆಯೇ. ಮಕ್ಕಳ ಹೆಸರು ಮರೆತ ಮೇಲೂ ಅವು ಮಣಿಯಿಂದ ಮಣಿಗೆ ನಡೆಯುವುದುಂಟು.

ಮೂರು ವರ್ಷಕ್ಕೆ ಮುಂಚಿನ ಘಟನೆಗಳು ಸಾಮಾನ್ಯವಾಗಿ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. "ಚಿಕ್ಕ ಮಗು, ಹೊಡೆದರೆ ಮರೆತುಬಿಡುತ್ತದೆ" ಎನ್ನುವವರು ಈ ಮಾತನ್ನು ಗಮನಿಸಬೇಕು. ಮಗು ಘಟನೆಯನ್ನು ಮರೆಯಬಹುದು. ಭಯವನ್ನು ಅದರ ಮೈ ಕಲಿತಿರುತ್ತದೆ.

ಕ್ಷಮೆ ಮತ್ತು ಅಂಜಿಕೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕ್ಷಮೆ ಎಂಬುದು ಸಂಕಲ್ಪದ ಕಾರ್ಯ. ಕೇಡು ಬಯಸುವುದಿಲ್ಲ, ಒಳಿತನ್ನೇ ಬಯಸುತ್ತೇನೆ ಎಂದು ದೇವರ ಮುಂದೆ ನಿರ್ಧರಿಸುವುದೇ ಕ್ಷಮೆ. ಮೈಯ ಅಂಜಿಕೆ ಸಂಕಲ್ಪವಲ್ಲ. ವಿವೇಕವು ಭಾವನೆಗಳನ್ನು ಆಳುವುದು ಯಜಮಾನನು ಗುಲಾಮರನ್ನು ಆಳುವಂತೆ ಅಲ್ಲ, ಅರಸನು ಸ್ವತಂತ್ರ ಪ್ರಜೆಗಳನ್ನು ಆಳುವಂತೆ ಎಂದು ಸಂತ ಥಾಮಸ್ ಅಕ್ವಿನಾಸ್‌ರು ಅರಿಸ್ಟಾಟಲನನ್ನು ಅನುಸರಿಸಿ ಕಲಿಸುತ್ತಾರೆ. ಪ್ರಜೆಗಳು ಎದುರು ಮಾತಾಡಬಲ್ಲರು. ಅಪ್ಪಣೆಯಿಂದ ಅವರನ್ನು ಸುಮ್ಮನಾಗಿಸಲಾಗದು, ತಾಳ್ಮೆಯಿಂದ ಒಲಿಸಿಕೊಳ್ಳಬೇಕು. ಆದುದರಿಂದ ನೀವು ಮನಸಾರೆ ಕ್ಷಮಿಸಿದ್ದೂ ನಿಜ, ನಿಮ್ಮ ಮೈ ಇನ್ನೂ ಅಂಜುವುದೂ ನಿಜ. ಎರಡನೆಯದು ಪಾಪವಲ್ಲ.

ಪುನರುತ್ಥಾನರಾದ ಪ್ರಭುವಿನ ದೇಹದಲ್ಲೂ ಗಾಯದ ಗುರುತುಗಳು ಇದ್ದವು (ಯೊವಾನ್ನ 20:24-29). ಅವು ಮಾಯವಾಗಲಿಲ್ಲ, ಆದರೆ ಅವುಗಳಲ್ಲಿ ದ್ವೇಷವಿರಲಿಲ್ಲ. ತೋಮನಿಗೆ ವಿಶ್ವಾಸದ ಬಾಗಿಲಾದದ್ದು ಆ ಗುರುತುಗಳೇ.

ಒಂದು ಎಚ್ಚರಿಕೆ ಅಗತ್ಯ. ಕ್ಷಮಿಸಬೇಕೆಂದರೆ ಹೊಡೆತ ತಿನ್ನುತ್ತಲೇ ಇರಬೇಕೆಂದಲ್ಲ. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ನೆರವು ಕೇಳುವುದು ನಿಮ್ಮ ಹಕ್ಕು. ಮಗುವೊಂದು ಯಾರದೋ ಸ್ಪರ್ಶಕ್ಕೆ ಹಿಂಜರಿದರೆ, ಆ ವ್ಯಕ್ತಿ ಎಷ್ಟೇ ಆಪ್ತರಾಗಿರಲಿ, ಗೌರವಸ್ಥರಾಗಿರಲಿ, ಗದರಿಸಬೇಡಿ. ಅದರ ಮಾತನ್ನು ಕೇಳಿ. 2012ರ ಪೋಕ್ಸೋ ಕಾಯಿದೆ ಮಕ್ಕಳ ರಕ್ಷಣೆಗಾಗಿಯೇ ಇದೆ. ಮಕ್ಕಳ ಸಹಾಯವಾಣಿ 1098.

ಗುಣಪಡಿಸುವ ಕೈ

ಮೈ ಭಯವನ್ನು ಕಲಿಯುವಂತೆ ಭರವಸೆಯನ್ನೂ ಕಲಿಯಬಲ್ಲದು. ಅದಕ್ಕೆ ದಿನಗಳು ಬೇಕು, ಮತ್ತೆ ಮತ್ತೆ ಪ್ರೀತಿಯ ಅನುಭವ ಬೇಕು. ಯೇಸುಸ್ವಾಮಿ ಕುಷ್ಠರೋಗಿಯನ್ನು ಮಾತಿನಿಂದಲೇ ಗುಣಪಡಿಸಬಹುದಿತ್ತು. ಆದರೂ ಕೈ ಚಾಚಿ ಮುಟ್ಟಿದರು (ಮಾರ್ಕ 1:40-42). ಯಾರೂ ಮುಟ್ಟದ ಆ ಮೈಗೆ ಸ್ಪರ್ಶವೂ ಒಂದು ಔಷಧವಾಗಿತ್ತು. ಮಂಗಳೂರಿನ ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದ ವಂದನೀಯ ಆಗಸ್ಟಸ್ ಮುಲ್ಲರ್ ಅದೇ ದಾರಿಯಲ್ಲಿ ನಡೆದವರು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಸಂತ ಯೊವಾನ್ನರ ಸಂಶೋಧನಾ ಸಂಸ್ಥೆಯವರು ಕೊಪ್ಪಳ ಜಿಲ್ಲೆಯಲ್ಲಿ, ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಡುವ 'ಕಾಂಗರೂ ಆರೈಕೆ'ಯನ್ನು ಹರಡಲು ದುಡಿದಿದ್ದಾರೆ. ಈ ಆರೈಕೆ ಎಷ್ಟೋ ಕೂಸುಗಳ ಪ್ರಾಣ ಉಳಿಸುತ್ತದೆ.

ಧರ್ಮಸಭೆಯ ಸಂಸ್ಕಾರಗಳೂ ಮೈಯನ್ನು ಮುಟ್ಟುತ್ತವೆ: ದೀಕ್ಷಾಸ್ನಾನದ ನೀರು, ದೃಢೀಕರಣದ ತೈಲ, ರೋಗಿಯ ಹಣೆಯ ಮೇಲಿನ ಅಭ್ಯಂಗ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಮದುವೆಯ ಮುಂಚಿನ ರೋಸ್‌ನಲ್ಲಿ ತೆಂಗಿನ ಹಾಲು, ಎಣ್ಣೆ ಹಚ್ಚುವ ಕೈಗಳು, ರಾತ್ರಿಯ ಜಪಸರದ ನಂತರ 'ಬೆಸಾಂವ್' ಕೇಳುವ ಮಗುವಿನ ತಲೆಯ ಮೇಲೆ ಇಡುವ ಕೈ, ಇವು ಬರಿಯ ಶಾಸ್ತ್ರವಲ್ಲ. ಮಗು ಮುಂದೆ ಗಲ್ಫಿಗೆ ಹೋಗಲಿ, ಮುಂಬೈಗೆ ಹೋಗಲಿ, ಆ ಕೈಯ ಭಾರ ಅದರ ಜೊತೆಗೆ ಹೋಗುತ್ತದೆ.

ಕುಟುಂಬದಲ್ಲಿ ಚಿಂತಿಸಲು

1. ನಮ್ಮ ಮನೆಯ ಮಕ್ಕಳ ಮೈ ನಮ್ಮ ಕೈಯಿಂದ ಏನನ್ನು ಕಲಿಯುತ್ತಿದೆ?
2. ಹಾಸಿಗೆ ಹಿಡಿದ ಹಿರಿಯರನ್ನು ಮಾತ್ರೆ ಕೊಡುವಾಗ ಮಾತ್ರ ಮುಟ್ಟುತ್ತೇವೆಯೋ, ಪಕ್ಕದಲ್ಲಿ ಕುಳಿತು ಕೈ ಹಿಡಿಯುತ್ತೇವೆಯೋ?
3. ನನ್ನಿಂದ ನೋವುಂಡವರು ಕ್ಷಮಿಸಿದ ಮೇಲೂ ಹಿಂಜರಿದರೆ, "ಇನ್ನೂ ಮರೆತಿಲ್ಲವೇ?" ಎಂದು ಸಿಡುಕುತ್ತೇನೆಯೇ, ತಾಳ್ಮೆಯಿಂದ ಕಾಯುತ್ತೇನೆಯೇ?

ಈ ವಾರದ ಸಂಕಲ್ಪ: ಜಪಸರ ಮುಗಿದ ಮೇಲೆ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸೋಣ. ಮನೆಯ ಹಿರಿಯರ ಕೈಯನ್ನು ಸ್ವಲ್ಪ ಹೊತ್ತು ಹಿಡಿದು ಕೂರೋಣ.