‘ಅನುಮತಿಸಿ’ ಒತ್ತುವ ಮುಂಚೆ ಒಂದು ನಿಮಿಷ



ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಊರಲ್ಲಿ ಎಲ್ಲರ ಕೈಯಲ್ಲೂ ಫೋನು. ‘ರಿಸಲ್ಟ್’ ಅಂತ ಹುಡುಕಿದರೆ ಹತ್ತಾರು ಜಾಲತಾಣಗಳು ಬರುತ್ತವೆ. ಒಂದನ್ನು ಮುಟ್ಟಿದ ಕೂಡಲೇ, ಫಲಿತಾಂಶ ಕಾಣುವ ಮುಂಚೆಯೇ, ಒಂದು ಚಿಕ್ಕ ಚೌಕ ಬರುತ್ತದೆ. ಈ ತಾಣ ನಿಮಗೆ ಅಧಿಸೂಚನೆ (ನೋಟಿಫಿಕೇಶನ್) ಕಳಿಸಲು ಬಯಸುತ್ತದೆ ಎಂದು ಅದರಲ್ಲಿರುತ್ತದೆ. ಕೆಳಗೆ ಎರಡು ಬಟನ್: ‘ಅನುಮತಿಸಿ’, ‘ನಿರ್ಬಂಧಿಸಿ’. ಚೌಕ ತೊಲಗಿದರೆ ಸಾಕು ಅಂತ ಬಹಳ ಜನ ‘ಅನುಮತಿಸಿ’ ಒತ್ತಿಬಿಡ್ತಾರೆ. ಈ ಸಲದ ಪಾಠ ಆ ಒಂದು ಒತ್ತಿನ ಬಗ್ಗೆ.

ಕೇಳುವವರು ಯಾರು?

ಫೋನಿನಲ್ಲಿ ಜಾಲತಾಣಗಳನ್ನು ತೆರೆದು ತೋರಿಸುವ ಆ್ಯಪ್‌ಗೆ ಬ್ರೌಸರ್ ಎನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್ ಇವೆಲ್ಲ ಬ್ರೌಸರ್‌ಗಳು. ಜಾಲತಾಣವು ತಾನಾಗಿ ನಮ್ಮ ಕ್ಯಾಮೆರಾ ತೆರೆಯುವ ಹಾಗಿಲ್ಲ, ನಾವು ಎಲ್ಲಿದ್ದೇವೆ ಅಂತ ತಿಳಿಯುವ ಹಾಗಿಲ್ಲ, ನೋಟಿಫಿಕೇಶನ್ ಕಳಿಸುವ ಹಾಗೂ ಇಲ್ಲ. ಮೊದಲು ಬ್ರೌಸರನ್ನು ಕೇಳಬೇಕು. ಬ್ರೌಸರ್ ನಮ್ಮನ್ನು ಕೇಳುತ್ತದೆ. ಅಂದರೆ ಬ್ರೌಸರ್ ನಮ್ಮ ಮನೆಯ ಬಾಗಿಲು ಕಾಯುವವನಿದ್ದ ಹಾಗೆ. ‘ಯಾರೋ ಬಂದಿದ್ದಾರೆ, ಒಳಗೆ ಬಿಡಲಾ?’ ಅಂತ ಕೇಳೋದು ಅವನ ಕೆಲಸ. ಹೌದು, ಇಲ್ಲ ಅಂತ ಹೇಳೋದು ನಮ್ಮ ಕೆಲಸ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ಒಪ್ಪದಿದ್ದರೆ ಪುಟ ಕಾಣೋದಿಲ್ಲ’ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಪುಟ ಓದುವುದಕ್ಕೂ ನೋಟಿಫಿಕೇಶನ್‌ಗೂ ಸಂಬಂಧವಿಲ್ಲ. ಜಗಲಿಗೆ ಬಂದವರಿಗೆ ನೀರು ಬೆಲ್ಲ ಕೊಡ್ತೀವಿ, ಕೂತು ಮಾತಾಡ್ತೀವಿ. ಅದಕ್ಕಾಗಿ ಮನೆಯ ಬೀಗದ ಕೈ ಕೊಡುತ್ತೇವೆಯೇ?

ಒಪ್ಪಿದರೆ ಏನಾಗುತ್ತದೆ?

ನೋಟಿಫಿಕೇಶನ್‌ಗೆ ಒಪ್ಪಿಗೆ ಕೊಟ್ಟ ಕೂಡಲೇ ಬ್ರೌಸರ್ ಆ ತಾಣಕ್ಕೆ ಒಂದು ಗುಟ್ಟಿನ ವಿಳಾಸ ಕೊಡುತ್ತದೆ. ತಾಣದವರು ಬರೆದ ಸಂದೇಶ ಮೊದಲು ಬ್ರೌಸರ್ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ನಮ್ಮ ಫೋನಿಗೆ ಬರುತ್ತದೆ. ಅಂಚೆ ಕಚೇರಿಯ ಮೂಲಕ ಕಾಗದ ಬಂದ ಹಾಗೆ. ಆದ್ದರಿಂದ ಆ ಪುಟ ತೆರೆದಿರಬೇಕು ಅಂತಿಲ್ಲ. ಪುಟ ಮುಚ್ಚಿ ತಿಂಗಳಾದರೂ ಸಂದೇಶ ಬರುತ್ತಲೇ ಇರಬಹುದು. ಕ್ರೋಮ್‌ನಲ್ಲಿ ಈ ಸೌಲಭ್ಯ 2015ರಲ್ಲಿ ಬಂತು, ಫೈರ್‌ಫಾಕ್ಸ್‌ನಲ್ಲಿ 2016ರಲ್ಲಿ.

ಇದರಿಂದ ಒಳ್ಳೆಯದೂ ಇದೆ. ಇಮೇಲ್ ಬಂದರೆ ತಿಳಿಯುತ್ತದೆ, ನಂಬಿಕೆಯ ಪತ್ರಿಕೆಯ ಸುದ್ದಿ ಬೇಗ ಸಿಗುತ್ತದೆ. ಕೆಟ್ಟದ್ದು ಯಾವುದು ಅಂದರೆ, ಗೊತ್ತಿಲ್ಲದ ತಾಣಕ್ಕೆ ಕೊಟ್ಟ ಒಪ್ಪಿಗೆ. ಅಲ್ಲಿಂದ ‘ನಿಮ್ಮ ಫೋನಿಗೆ ವೈರಸ್ ತಗುಲಿದೆ’, ‘ನಿಮಗೆ ಬಹುಮಾನ ಬಂದಿದೆ’, ‘ಬ್ಯಾಂಕ್ ಖಾತೆ ನಿಂತುಹೋಗಲಿದೆ’ ಎಂದೆಲ್ಲ ಬರುತ್ತದೆ. ಮುಟ್ಟಿದರೆ ಮೋಸದ ಪುಟ ತೆರೆಯುತ್ತದೆ. ಅಲ್ಲಿ ಯಾವುದೋ ಆ್ಯಪ್ ಹಾಕಿಕೊಳ್ಳಿ ಅಂತಾರೆ, ಇಲ್ಲವೇ ಬ್ಯಾಂಕಿನ ವಿವರ, ಒಟಿಪಿ ಕೇಳ್ತಾರೆ.

ನಾವು ಯೋಚಿಸಬೇಕಾದ ಮುಖ್ಯ ವಿಷಯ ಇದು. ನಮ್ಮಲ್ಲಿ ಎಷ್ಟೋ ಮನೆಗೆ ಒಂದೇ ಫೋನು. ಸಂಜೆ ಪಾಠಕ್ಕೆ, ಆಟಕ್ಕೆ ಅದು ನಮ್ಮ ಕೈಯಲ್ಲಿ. ಬೆಳಗ್ಗೆ ಅಪ್ಪನ ಜೇಬಿನಲ್ಲಿ. ಹಾಲಿನ ದುಡ್ಡು, ಪಿಂಚಣಿ, ಸಂಘದ ಸಾಲ ಎಲ್ಲದರ ಮೆಸೇಜು ಬರೋದು ಅದಕ್ಕೇ. ಸಂಜೆ ಒತ್ತಿದವರು ನಾವು. ಬೆಳಗ್ಗೆ ‘ಬ್ಯಾಂಕ್ ಖಾತೆ ನಿಲ್ಲುತ್ತೆ’ ಅಂತ ಓದಿ ಗಾಬರಿಯಾಗೋರು ಅಪ್ಪ, ಅಮ್ಮ ಇಲ್ಲವೇ ಅಜ್ಜಿ. ಅದು ಎಲ್ಲಿಂದ ಬಂತು ಅಂತ ಅವರಿಗೆ ತಿಳಿಯೋದು ಹೇಗೆ?

‘ರೋಬೋಟ್ ಅಲ್ಲ’ ಎಂಬ ಉಪಾಯ

ಕೆಲವು ಪುಟಗಳಲ್ಲಿ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅನುಮತಿಸಿ ಒತ್ತಿ’, ‘ವಿಡಿಯೋ ನೋಡಲು ಅನುಮತಿಸಿ ಒತ್ತಿ’ ಎಂದು ಬಾಣದ ಗುರುತು ಹಾಕಿರುತ್ತಾರೆ. ಇದು ಮೋಸ. ನಿಜವಾದ ರೋಬೋಟ್ ಪರೀಕ್ಷೆ ಪುಟದ ಒಳಗೇ ನಡೆಯುತ್ತದೆ. ಚಿತ್ರ ಆರಿಸಿ, ಅಕ್ಷರ ಬರೆಯಿರಿ, ಚೌಕಕ್ಕೆ ಗುರುತು ಹಾಕಿ ಅಂತ ಕೇಳಬಹುದು. ಅದಕ್ಕೆ ನೋಟಿಫಿಕೇಶನ್ ಒಪ್ಪಿಗೆ ಬೇಕಾಗಿಲ್ಲ. ಇಂಥ ಬಾಣ ಕಂಡರೆ ಪುಟವನ್ನೇ ಮುಚ್ಚಿಬಿಡಿ.

ಯಾವ ಕೆಲಸಕ್ಕೆ ಯಾವ ಒಪ್ಪಿಗೆ?

ಒಂದೇ ಪ್ರಶ್ನೆ ಹಾಕಿಕೊಳ್ಳಿ: ‘ನಾನು ಈಗ ಮಾಡುತ್ತಿರುವ ಕೆಲಸಕ್ಕೆ ಇದು ಬೇಕೇ?’

1. ಲೊಕೇಶನ್ (ನಾವಿರುವ ಜಾಗ): ನಕ್ಷೆಯಲ್ಲಿ ದಾರಿ ಹುಡುಕಲು ಬೇಕು. ಫಲಿತಾಂಶ ನೋಡಲು ಬೇಕಾದದ್ದು ರಿಜಿಸ್ಟರ್ ನಂಬರು. ನಮ್ಮೂರು ಎಲ್ಲಿದೆ ಅಂತ ಯಾಕೆ?

2. ಕ್ಯಾಮೆರಾ: ಆನ್‌ಲೈನ್ ತರಗತಿಯಲ್ಲಿ ಮುಖ ತೋರಿಸಲು ಬೇಕು. ಸಿನಿಮಾ ಹಾಡು ಕೇಳಲು ಬೇಡ.

3. ಮೈಕ್: ಮಾತಾಡಿ ಹುಡುಕಲು, ತರಗತಿಯಲ್ಲಿ ಉತ್ತರ ಹೇಳಲು ಬೇಕು. ಪಾಠ ಓದಲು ಬೇಡ.

4. ನೋಟಿಫಿಕೇಶನ್: ದಿನಾ ಬಳಸುವ, ನಂಬಿಕೆಯ ತಾಣಕ್ಕೆ ಮಾತ್ರ. ಮೊದಲ ಸಲ ನೋಡಿದ ತಾಣಕ್ಕೆ ಬೇಡವೇ ಬೇಡ.

ಈಗಿನ ಕ್ರೋಮ್‌ನಲ್ಲಿ ಮೊದಲ ಮೂರಕ್ಕೆ ‘ಈ ಸಲ ಮಾತ್ರ’ ಎಂಬ ಅರ್ಥದ ಆಯ್ಕೆಯೂ ಇದೆ. ಅನುಮಾನವಿದ್ದರೆ ಅದನ್ನೇ ಆರಿಸಿ. ನೋಟಿಫಿಕೇಶನ್‌ಗೆ ಆ ಆಯ್ಕೆ ಇಲ್ಲ. ಹಾಗಾಗಿ ಅಲ್ಲಿ ಇನ್ನೂ ಎಚ್ಚರ ಬೇಕು. ಇನ್ನೊಂದು ವ್ಯತ್ಯಾಸ: ಉತ್ತರ ಕೊಡದೆ ಚೌಕವನ್ನು ಸುಮ್ಮನೆ ಮುಚ್ಚಿದರೆ ತಾಣ ಮತ್ತೊಂದು ದಿನ ಕೇಳಬಹುದು. ‘ನಿರ್ಬಂಧಿಸಿ’ ಒತ್ತಿದರೆ ನಾವಾಗಿ ಬದಲಿಸುವವರೆಗೆ ಕೇಳುವ ಹಾಗಿಲ್ಲ.

100ರಲ್ಲಿ ಒಂದು

ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾದವರು ಲೆಕ್ಕ ಹಾಕಿ ನೋಡಿದರು. ಇಂಥ ನೋಟಿಫಿಕೇಶನ್ ಕೋರಿಕೆ 100 ಸಲ ಬಂದರೆ ಸುಮಾರು 99 ಸಲ ಜನ ಒಪ್ಪಿಗೆ ಕೊಡುವುದಿಲ್ಲ. ಅದಕ್ಕಾಗಿ 2020ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 72ರಲ್ಲಿ, ಚೌಕ ತಾನಾಗಿ ಮೇಲೇಳುವುದನ್ನು ನಿಲ್ಲಿಸಿ ವಿಳಾಸದ ಪಟ್ಟಿಯಲ್ಲಿ ಒಂದು ಚಿಕ್ಕ ಗುರುತು ಮಾತ್ರ ತೋರಿಸಿದರು. ಮರು ತಿಂಗಳೇ ಕ್ರೋಮ್ ಕೂಡ ಸದ್ದಿಲ್ಲದೆ ಕೇಳುವ ಇಂಥದೇ ವ್ಯವಸ್ಥೆ ತಂದಿತು. 99 ಸಲ ‘ಬೇಡ’ ಅನ್ನಿಸಿಕೊಂಡರೂ ಮೋಸದ ತಾಣಗಳು ಯಾಕೆ ಕೇಳುತ್ತವೆ? ಉಳಿದ ಒಂದೇ ಅವುಗಳಿಗೆ ಸಾಕು. ಕೇಳೋದಕ್ಕೆ ಅವುಗಳಿಗೆ ಖರ್ಚಿಲ್ಲ. ಆ ಒಂದು ನಮ್ಮ ಮನೆಯ ಫೋನು ಆಗಬಾರದು.

ಕೊಟ್ಟದ್ದನ್ನು ವಾಪಸ್ ಪಡೆಯುವುದು

ಕೊಟ್ಟಾಯಿತು, ಈಗೇನು ಮಾಡೋದು ಅಂತ ಹೆದರಬೇಡಿ. ಆ ತಾಣದವರನ್ನು ಕೇಳಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಹೀಗೆ ಮಾಡಿ:

1. ಮೇಲೆ ಬಲಗಡೆಯ ಮೂರು ಚುಕ್ಕೆ ಮುಟ್ಟಿ.
2. ‘ಸೆಟ್ಟಿಂಗ್‌ಗಳು’ ತೆರೆಯಿರಿ.
3. ಕೆಳಗೆ ಹೋಗಿ ‘ಸೈಟ್ ಸೆಟ್ಟಿಂಗ್‌ಗಳು’ ಮುಟ್ಟಿ.
4. ‘ಅಧಿಸೂಚನೆಗಳು’ ತೆರೆಯಿರಿ. ಒಪ್ಪಿಗೆ ಪಡೆದ ತಾಣಗಳ ಪಟ್ಟಿ ಕಾಣುತ್ತದೆ.
5. ಬೇಡವಾದ ತಾಣದ ಹೆಸರು ಮುಟ್ಟಿ ನಿರ್ಬಂಧಿಸಿ.

ಲೊಕೇಶನ್, ಕ್ಯಾಮೆರಾ, ಮೈಕಿನ ಪಟ್ಟಿಗಳೂ ಅದೇ ಪುಟದಲ್ಲಿವೆ. ಶಾಲೆಯ ಕಂಪ್ಯೂಟರ್‌ನಲ್ಲಾದರೆ ಮೂರು ಚುಕ್ಕೆ, ಸೆಟ್ಟಿಂಗ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ ಎಂಬ ದಾರಿ. ಯಾವ ತಾಣವೂ ಕೇಳದ ಹಾಗೆ ಒಟ್ಟಿಗೇ ನಿಲ್ಲಿಸುವ ಆಯ್ಕೆಯೂ ಅಲ್ಲೇ ಇದೆ. ಬೇಕಾದ ತಾಣವನ್ನು ತಪ್ಪಿ ನಿರ್ಬಂಧಿಸಿದ್ದರೆ ಇದೇ ದಾರಿಯಲ್ಲಿ ಹೋಗಿ ಮತ್ತೆ ಅನುಮತಿಸಬಹುದು.

ಹಿಸ್ಟರಿ ಅಳಿಸಿದರೆ ಸಾಕು ಅಂತ ಕೆಲವರು ಹೇಳ್ತಾರೆ. ಸಾಲದು. ನೋಡಿದ ಪುಟಗಳ ಪಟ್ಟಿ ಅಳಿಸಿದರೂ ಒಪ್ಪಿಗೆ ಹಾಗೇ ಉಳಿಯುತ್ತದೆ. ಫೋನು ಕೆಟ್ಟಿದೆ ಅಂತ ರಿಪೇರಿ ಅಂಗಡಿಗೆ ದುಡ್ಡು ಕೊಡುವ ಮೊದಲು ಸಂದೇಶವನ್ನು ಸರಿಯಾಗಿ ನೋಡಿ. ಅದರ ಮೇಲೆ ಕ್ರೋಮ್‌ನ ಗುರುತು, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ತಾಣದ ವಿಳಾಸ ಇದ್ದರೆ ಅದು ಬ್ರೌಸರ್ ಮೂಲಕ ಬಂದದ್ದು. ವಿಳಾಸ ಗುರುತಿಟ್ಟುಕೊಂಡು ಪಟ್ಟಿಯಲ್ಲಿ ಹುಡುಕಿ ನಿರ್ಬಂಧಿಸಿದರೆ ಬರೋದು ನಿಲ್ಲುತ್ತದೆ.

ಕಾನೂನು ಏನನ್ನುತ್ತದೆ?

2023ರಲ್ಲಿ ನಮ್ಮ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ನಮ್ಮ ಮಾಹಿತಿ ಬಳಸಲು ಪಡೆಯುವ ಒಪ್ಪಿಗೆ ಬಲವಂತದ್ದಾಗಿರಬಾರದು, ಯಾವ ಕೆಲಸಕ್ಕೆ ಅಂತ ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಬರಬೇಕು ಎಂದು ಅದರಲ್ಲಿದೆ. ಆ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಇದು ಮೋಸಗಾರರನ್ನು ತಡೆಯುವ ಗೋಡೆಯಲ್ಲ. ಆದರೆ ‘ಬೇಡ’ ಅನ್ನುವುದು ನಮ್ಮ ಹಕ್ಕು ಎಂಬುದಂತೂ ಇದರಿಂದ ಸ್ಪಷ್ಟ.

ಯಾರಾದರೂ ಮೋಸದ ಪುಟದಲ್ಲಿ ಹಣ ಕಳೆದುಕೊಂಡಿದ್ದರೆ ನಾಚಿಕೊಂಡು ಸುಮ್ಮನಿರಬಾರದು. ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯಲು ಹೆಚ್ಚು ಅವಕಾಶ.

ಅಭ್ಯಾಸ

ಅ. ಉತ್ತರಿಸಿ:
1. ಪುಟ ಮುಚ್ಚಿದ ಮೇಲೂ ನೋಟಿಫಿಕೇಶನ್ ಬರುವುದು ಹೇಗೆ?
2. ಮಳೆಯ ಮುನ್ಸೂಚನೆ ಹೇಳುವ ತಾಣ ಲೊಕೇಶನ್ ಕೇಳಿತು, ಮೈಕನ್ನೂ ಕೇಳಿತು. ಯಾವುದಕ್ಕೆ ಒಪ್ಪುತ್ತೀರಿ? ಯಾಕೆ?
3. ಹಿಸ್ಟರಿ ಅಳಿಸುವುದಕ್ಕೂ ಒಪ್ಪಿಗೆ ವಾಪಸ್ ಪಡೆಯುವುದಕ್ಕೂ ಏನು ವ್ಯತ್ಯಾಸ?

ಆ. ಮನೆಗೆಲಸ: ಇವತ್ತು ಸಂಜೆ ಮನೆಯವರನ್ನು ಕೇಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಫೋನಿನ ‘ಅಧಿಸೂಚನೆಗಳು’ ಪಟ್ಟಿ ತೆರೆಯಿರಿ. ಎಷ್ಟು ತಾಣಗಳಿವೆ ಎಣಿಸಿ. ಪ್ರತಿ ಹೆಸರನ್ನೂ ಓದಿ ಹೇಳಿ, ‘ಇದು ಬೇಕಾ?’ ಅಂತ ಅವರನ್ನೇ ಕೇಳಿ. ಬೇಡ ಅಂದದ್ದನ್ನು ಅವರ ಕೈಯಿಂದಲೇ ತೆಗೆಸಿ. ನಾಳೆ ಒಂದು ಚೀಟಿಯಲ್ಲಿ ಎರಡು ಅಂಕಿ ಮಾತ್ರ ಬರೆದು ತನ್ನಿ: ಮೊದಲು ಎಷ್ಟಿತ್ತು, ಈಗ ಎಷ್ಟಿದೆ. ಹೆಸರು ಬೇಡ. ಎಲ್ಲ ಚೀಟಿ ಕೂಡಿಸಿ ತರಗತಿಯ ಒಟ್ಟು ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಬರೆಯುತ್ತೇವೆ.